ಸುಬ್ಬಿಯ ಮನೆಗೆ ಗುಂಡ ಬಂದದ್ದು

ಜಗಳ ಬಿಡಿಸುವುದು ನನಗೆ ಅನ್ನ ಕೊಟ್ಟ ವಿದ್ಯೆ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನನ್ನದು. ಕಾರ್ಮಿಕರೂ ಆಡಳಿತದವರೂ ಒಬ್ಬರ ಮುಖ ಒಬ್ಬರು ನೋಡದೆ ಬಿಗಿದುಕೊಂಡು ಕೂತಾಗ, ನಡುವೆ ಟೀ ತರಿಸಿ, ಬೋಂಡ ತರಿಸಿ, ಇಬ್ಬರನ್ನೂ ಬೇರೆ ಬೇರೆಯಾಗಿ ಹೊರಗೆ ಕರೆದು ‘ನೀವು ಹೇಳೋದೇ ಸರಿ’ ಎಂದು ಹೇಳಿ, ಕೊನೆಗೆ ಕೈ ಕುಲುಕಿಸುವವನು ನಾನು. ವರ್ಷಗಟ್ಟಲೆ ಹೀಗೆ ಮಾಡಿದ ಮೇಲೆ ಯಾರಿಗಾದರೂ ಸ್ವಲ್ಪ ಜಂಬ ಬರುತ್ತದೆ. ನನಗೆ ಸ್ವಲ್ಪ ಹೆಚ್ಚಾಗಿಯೇ ಬಂದಿತ್ತು. ಒಂದೇ ಕೋಣೆಯಲ್ಲಿ ಕೂರಿಸಲಾಗದ ಇಬ್ಬರು ಈ ಲೋಕದಲ್ಲೇ ಇಲ್ಲವೆಂದು ಮದುವೆ ಮನೆಗಳಲ್ಲಿ ಎಲೆ ಹಾಕುವವರೆಗೂ ಭಾಷಣ ಬಿಗಿಯುತ್ತಿದ್ದೆ. ಗುಂಡ ಆಗಿನ್ನೂ ನಮ್ಮ ಮನೆಗೆ ಬಂದಿರಲಿಲ್ಲ.

ಗುಂಡನಿಗಿಂತ ಮುಂಚೆ ಸುಬ್ಬಿಯ ವಿಷಯ ಹೇಳಬೇಕು. ಸುಬ್ಬಿ ಒಂದು ಫೆರೆಟ್. ಹಾಗೆಂದರೇನು ಎಂದು ನೀವು ಕೇಳಿದರೆ ತಪ್ಪಿಲ್ಲ, ನಾವಿರುವ ವಿಜಯನಗರದಲ್ಲಿ ಎಲ್ಲರೂ ಕೇಳಿದ್ದಾರೆ. ಮುಂಗುಸಿಯ ಹಾಗೆ ಉದ್ದನೆಯ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಕಪ್ಪು ಪಟ್ಟಿ. ದಿನದ ಮುಕ್ಕಾಲು ಪಾಲು ನಿದ್ದೆ, ಉಳಿದ ಕಾಲು ಪಾಲಿನಲ್ಲಿ ಕಳ್ಳತನ. ನನ್ನ ಕಾಲುಚೀಲಗಳು ಜೋಡಿಯಾಗಿ ಇದ್ದದ್ದು ಅದು ಬರುವ ಮುಂಚೆ. ಹಡಗಿನಲ್ಲಿ ಕೆಲಸ ಮಾಡುವ ನನ್ನ ಬಾಮೈದ ಅದನ್ನು ಎಲ್ಲಿಂದಲೋ ತಂದು, ‘ಒಂದು ವಾರ ನೋಡ್ಕೊಳ್ಳಿ ಭಾವ’ ಎಂದು ಬಿಟ್ಟು ಹೋದ. ಅವನ ಆ ವಾರ ಇನ್ನೂ ಮುಗಿದಿಲ್ಲ. ಸುಬ್ಬಿ ತಿನ್ನುವುದು ಬೆಕ್ಕುಗಳಿಗೆಂದು ಮಾರುವ ಬಿಸ್ಕತ್ತು. ಅದು ನಿಜವಾಗಿಯೂ ಬಿಸ್ಕತ್ತೇ ಎಂದು ನಮ್ಮಮ್ಮ ನಂಬಿದ್ದಾಳೆ. ಅದರಲ್ಲಿ ಏನೇನಿದೆ ಎಂದು ಓದಿ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಎದುರು ಮನೆಯ ಶಾಂತಮ್ಮನವರು, ಮುಂಗುಸಿ ಕಂಡರೆ ಹೋದ ಕೆಲಸ ಆಗುತ್ತದೆಂದು, ಬ್ಯಾಂಕಿಗೆ ಹೋಗುವ ಮುಂಚೆ ನಮ್ಮ ಕಿಟಕಿಗೆ ಇಣುಕುತ್ತಿದ್ದರು. ಇದು ಮುಂಗುಸಿಯಲ್ಲ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅವರದು ಒಂದೇ ಮಾತು: “ನೆಂಟರಾಗಿರ್ಬೇಕು ಬಿಡಿ, ನಂಗಷ್ಟು ಸಾಕು.”

ಹೀಗಿರುವಾಗ ಸುಬ್ಬಿಗೆ ಸೂಜಿ ಹಾಕಿಸಲು ಚಂದ್ರಾ ಲೇಔಟಿನ ಪಶುವೈದ್ಯರ ಹತ್ತಿರ ಹೋದೆ. ಅಲ್ಲಿ ಗೂಡಿನಲ್ಲಿ ಇನ್ನೊಂದು ಫೆರೆಟ್ ಇತ್ತು. ಯಾರೋ ನಾಲ್ಕು ದಿನಕ್ಕೆಂದು ಬಿಟ್ಟವರು ತಿರುಗಿ ಬಂದಿರಲಿಲ್ಲ. ಡಾಕ್ಟರು ನನ್ನನ್ನು ಕಂಡದ್ದೇ ಹಿಡಿದುಕೊಂಡರು. “ಸಾರ್, ಈ ಕಡೆಯೆಲ್ಲಾ ಫೆರೆಟ್ ಇರೋದು ನಿಮ್ಮನೇಲೇ. ನೀವು ಇಟ್ಕೊಳಲ್ಲ ಅಂದ್ರೆ ಪ್ರಾಣಿ ಮಾರೋ ಅಂಗಡಿಯವರು ಕೇಳ್ತಾ ಇದಾರೆ. ಗಾಜಿನ ಪೆಟ್ಟಿಗೇಲಿ ಹಾಕಿ ಬಾಗಿಲ ಹತ್ರ ಇಡ್ತಾರಂತೆ, ಜನ ನೋಡೋಕೆ.” ಗೂಡಿನೊಳಗಿನ ಪ್ರಾಣಿ ತಂತಿಯ ಸಂದಿಯಿಂದ ಪುಟ್ಟ ಕೈ ಹೊರಗೆ ಚಾಚಿ ನನ್ನ ಅಂಗಿಯ ಗುಂಡಿ ಹಿಡಿದುಕೊಂಡಿತ್ತು. ಹೀಗೆ ಹಿಡಿದುಕೊಂಡವರನ್ನು ಬಿಡಿಸಿಕೊಂಡು ಬರುವುದು ನನ್ನಿಂದಾಗದು. “ದೀಪಾವಳಿ ಹೊತ್ತಿಗೆ ಇಬ್ಬರನ್ನೂ ಒಂದೇ ತಟ್ಟೇಲಿ ತಿನ್ನಿಸ್ತೀನಿ ಡಾಕ್ಟ್ರೇ” ಎಂದೆ. “ಆಗ್ಲಿಲ್ಲ ಅಂದ್ರೆ ಹಬ್ಬದ ದಿನ ಹೇಳ್ಬಿಡಿ ಸಾರ್. ಕಚ್ಚಾಡ್ಕೊಂಡು ಒಂದನ್ನೊಂದು ಸಾಯಿಸ್ಬಾರ್ದು ನೋಡಿ” ಎಂದರು ಅವರು. ನಾನು ಇಂಥ ಎಷ್ಟು ಮುಷ್ಕರ ನೋಡಿಲ್ಲ ಎಂದುಕೊಂಡು ಗುಂಡನನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದೆ.

ಮೊದಲ ಸಭೆ ನಡುಮನೆಯಲ್ಲಿ ನಡೆಯಿತು. ಸುಬ್ಬಿಯ ಬಾಲ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ನಿಮಿರಿತು. ಒಮ್ಮೆ ಬುಸ್ಸೆಂದಿತು. ಆಮೇಲೆ ಗುಂಡನ ಕತ್ತು ಕಚ್ಚಿ ಹಿಡಿದು, ಅವನು ಕಿರುಚುತ್ತಿದ್ದಂತೆಯೇ ಮಂಚದ ಕೆಳಗೆ ದರದರ ಎಳೆದುಕೊಂಡು ಹೋಯಿತು. ಬಿಡಿಸಲು ಹೋದ ನನ್ನ ಹೆಬ್ಬೆರಳು ಇಬ್ಬರಿಗೂ ಸಮನಾಗಿ ಸಿಕ್ಕಿತು. ನನ್ನ ಹೆಂಡತಿ ಸುಮಾ ಅರಿಸಿನ ತಂದು ಹಚ್ಚುತ್ತಾ, “ರೀ, ಒಂದರ ವಾಸನೇನೇ ತಡೆಯೋಕಾಗ್ತಿರ್ಲಿಲ್ಲ. ಈಗ ಇನ್ನೊಂದು ಬೇಕಿತ್ತಾ?” ಎಂದಳು. ಗುಂಡನ ವಾಸ ಬಾಲ್ಕನಿಗೆ ಬದಲಾಯಿತು.

ನಾನು ಬಿಡುವ ಆಸಾಮಿಯಲ್ಲ. ಸೈಬರ್ ಸೆಂಟರಿನಲ್ಲಿ ಕೂತು, ಇಂಥ ಜೀವಿಗಳಿಗೆ ಪರಿಚಯ ಮಾಡಿಸುವುದು ಹೇಗೆಂದು ಓದಿಕೊಂಡು ಬಂದೆ. ಒಬ್ಬರ ಹಾಸಿಗೆ ಇನ್ನೊಬ್ಬರಿಗೆ ಹಾಕಿ, ವಾಸನೆ ಪರಿಚಯವಾಗಲಿ ಎಂದಿತ್ತು. ಗುಂಡ ಮಲಗಿದ್ದ ಟವೆಲನ್ನು ಸುಬ್ಬಿಗೆ ಹಾಸಿದೆ. ಅದು ಆ ಟವೆಲಿನ ಮೇಲೆ ಏನು ಮಾಡಿತೆಂದು ಇಲ್ಲಿ ಬರೆಯುವುದು ಬೇಡ, ಟವೆಲು ನನ್ನದಾಗಿತ್ತು. ಇಬ್ಬರದೂ ಅಲ್ಲದ ಜಾಗದಲ್ಲಿ ಭೇಟಿ ಮಾಡಿಸಿ ಎಂದೂ ಇತ್ತು. ಶಾಂತಮ್ಮನವರ ವರಾಂಡ ಕೇಳಿದೆ. ಜೋಡಿ ಮುಂಗುಸಿ ಮನೆಗೇ ಬರುತ್ತವೆಂದು ಅವರು ರಂಗೋಲಿ ಹಾಕಿ ಕಾದಿದ್ದರು. ರಂಗೋಲಿಯ ಮೇಲೇ ಯುದ್ಧವಾಯಿತು. ಕೊನೆಗೆ ಕಾರ್ಖಾನೆಯಲ್ಲಿ ಕೈ ಹಿಡಿದಿದ್ದ ನನ್ನ ಹಳೆಯ ವಿದ್ಯೆಯನ್ನೇ ಪ್ರಯೋಗಿಸಿದೆ. ಸುಬ್ಬಿ ಒಂದೇ ಇದ್ದಾಗ ಅದನ್ನು ಎತ್ತಿಕೊಂಡು ‘ನೀನು ಹೇಳೋದೇ ಸರಿ’ ಎಂದು ಬಿಸ್ಕತ್ತು ಕೊಟ್ಟೆ, ಬಾಲ್ಕನಿಗೆ ಹೋಗಿ ಗುಂಡನಿಗೂ ಅದೇ ಮಾತು, ಅದೇ ಬಿಸ್ಕತ್ತು. ಇಬ್ಬರೂ ದಪ್ಪಗಾದರು. ಜಗಳಕ್ಕೆ ಇನ್ನಷ್ಟು ಬಲ ಬಂತು. ಬೆಸುಗೆ ಹಾಕುವವರ ತೊಗಲಿನ ಕೈಗವಸು ಬೇಕೆಂದು ನಾನು ಕಾರ್ಖಾನೆಯ ವೆಲ್ಡಿಂಗ್ ವಿಭಾಗಕ್ಕೆ ಹೋದಾಗ ಯೂನಿಯನ್ ಮುಖಂಡರು ನನ್ನ ಪಟ್ಟಿ ಸುತ್ತಿದ ಬೆರಳುಗಳನ್ನು ಮರುಕದಿಂದ ನೋಡಿದರು. “ಏನ್ ಸಾರ್, ಮನೇಲಿ ಮಾತುಕತೆ ಮುರಿದುಬಿತ್ತಾ?” ಎಂದರು.

ನಗುವ ಮಾತು ಹಾಗಿರಲಿ, ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಸುಬ್ಬಿ ನನ್ನ ತೊಡೆಯ ಮೇಲೆ ಬಂದು ಮಲಗುವುದನ್ನು ನಿಲ್ಲಿಸಿತ್ತು. ಗುಂಡ ನನ್ನ ದನಿ ಕೇಳಿದ ಕೂಡಲೇ ಬಾಲ್ಕನಿಯ ಬಾಗಿಲಿಗೆ ಬಂದು ನಿಂತು, ಕೈ ಚಾಚಿ, ಯಾವುದಾದರೂ ಗುಂಡಿ ಸಿಗುತ್ತದೋ ಎಂದು ನೋಡುತ್ತಿದ್ದ. ಒಬ್ಬರನ್ನು ಮುದ್ದಿಸಿದರೆ ಇನ್ನೊಬ್ಬರಿಗೆ ಮೋಸ ಮಾಡಿದಂತೆ ಅನ್ನಿಸುತ್ತಿತ್ತು. ಹಬ್ಬ ಮಾತ್ರ ಹತ್ತಿರ ಬರುತ್ತಲೇ ಇತ್ತು.

ನರಕ ಚತುರ್ದಶಿಯ ಬೆಳಿಗ್ಗೆ ಅಮ್ಮ ಹಂಡೆಗೆ ಉರಿ ಹಾಕಿ, ಎಣ್ಣೆ ಬಟ್ಟಲು ಹಿಡಿದು ಮನೆಯೆಲ್ಲ ಕೂಗುತ್ತಾ ಬಂದಳು. “ಮನೇಲಿರೋರೆಲ್ಲ ಎಣ್ಣೆ ನೀರು ಹಾಕ್ಕೊಳ್ಬೇಕು. ಬಾರೋ ಮೊದ್ಲು ನೀನು.” ತಲೆಗೆ ಎಣ್ಣೆ ಬಿದ್ದರೆ ನನಗೆ ವಾರವಿಡೀ ಸೀನು. ಪ್ರತಿ ವರ್ಷವೂ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತೇನೆ. ಆ ದಿನ ನೆಪ ನಿಜವಾದದ್ದೇ ಇತ್ತು. ಸೋತೆನೆಂದು ಡಾಕ್ಟರಿಗೆ ಹೇಳಬೇಕಿತ್ತು. ಅದನ್ನು ಮನೆಯವರು ಕೇಳಿಸಿಕೊಳ್ಳಬಾರದೆಂದು, ಮನೆಯಲ್ಲೇ ಫೋನಿದ್ದರೂ ರಸ್ತೆ ಕೊನೆಯ ಎಸ್‌ಟಿಡಿ ಬೂತಿಗೆ ಹೋದೆ. “ಬೇಜಾರ್ ಮಾಡ್ಕೋಬೇಡಿ ಸಾರ್” ಎಂದರು ಡಾಕ್ಟರು. “ಅಂಗಡಿಯವರನ್ನ ವಿಚಾರಿಸಿ ನಿಮ್ಮನೆಗೇ ಫೋನ್ ಮಾಡ್ತೀನಿ.” ಬೂತಿನ ಬಾಗಿಲಿಗೇ ಯಾರೋ ಸರಪಟಾಕಿ ಹಚ್ಚಿದರು. ಮೈತುಂಬ ಹೊಗೆ ಹಿಡಿಸಿಕೊಂಡು, ಗುಂಡನಿಗೆ ಯಾವ ಮುಖ ತೋರಿಸಲಿ ಎಂದು ಯೋಚಿಸುತ್ತಾ ಮನೆ ಸೇರಿದೆ.

ಬಾಲ್ಕನಿ ಖಾಲಿಯಿತ್ತು. ಬಚ್ಚಲು ಮನೆಗೆ ಓಡಿದರೆ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. “ಹಬ್ಬದ ದಿನ ಈ ನಾತ ಇಟ್ಕೊಂಡು ದೇವರ ಮನೆಗೆ ಹೇಗೋ ಹೋಗೋದು? ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ, ಕಡಲೆಹಿಟ್ಟು ಹಚ್ಚಿ, ಇಬ್ಬರಿಗೂ ನೀರು ಹಾಕ್ದೆ. ಎಣ್ಣೆ ನೀರಾದ ಮೇಲೆ ಯಾರಿಗೆ ಜಗಳಾಡೋ ಶಕ್ತಿ ಇರತ್ತೆ?” ಒಲೆಯ ಪಕ್ಕದ ಬುಟ್ಟಿಯಲ್ಲಿ, ಅಮ್ಮನ ಹಳೆಯ ಸೀರೆಯ ಮೇಲೆ ಇಬ್ಬರೂ ಸುರುಳಿ ಸುತ್ತಿ ಮಲಗಿದ್ದರು. ಹೊರಗೆ ಪಟಾಕಿ ಸಿಡಿದಾಗಲೆಲ್ಲ ಗುಂಡ ಇನ್ನಷ್ಟು ಒಳಗೆ ಸರಿಯುತ್ತಿದ್ದ. ಸುಬ್ಬಿ ತನ್ನ ಗದ್ದವನ್ನು ಅವನ ಕತ್ತಿನ ಮೇಲಿಟ್ಟಿತ್ತು, ತಾನೇ ಕಚ್ಚಿದ್ದ ಅದೇ ಕತ್ತಿನ ಮೇಲೆ. ನನ್ನ ಕಣ್ಣು ತುಂಬಿ ಬಂತು. ಬಗ್ಗಿ ಇಬ್ಬರ ತಲೆಯನ್ನೂ ಸವರಲು ಕೈ ಚಾಚಿದೆ. ಇಬ್ಬರೂ ಒಟ್ಟಿಗೆ ಬುಸ್ಸೆಂದು, ಒಟ್ಟಿಗೆ ಕಚ್ಚಿದರು.

“ಅವರಿಬ್ಬರದೂ ಈಗ ಒಂದೇ ವಾಸನೆ ಕಣ್ರೀ. ನಿಮ್ಮ ಮೈಯೆಲ್ಲ ಪಟಾಕಿ ವಾಸನೆ. ನೀವು ಯಾರೋ ಹೊರಗಿನೋರು ಅಂದ್ಕೊಂಡ್ವು” ಎಂದು ಸುಮಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ನಾನು ಬೆರಳು ಹಿಡಿದುಕೊಂಡು ಓಡುವಷ್ಟರಲ್ಲಿ ಅವಳೇ ಎತ್ತಿದ್ದಳು. “ಹೇಳಿ ಡಾಕ್ಟ್ರೇ... ಹೌದಾ? ಅಂಗಡಿಯವರು ಗಾಜಿನ ಪೆಟ್ಟಿಗೆ ಹಿಡ್ಕೊಂಡು ಈಗ್ಲೇ ಬರ್ತಾರಂತಾ?” ಎಂದು ನನ್ನ ಕಡೆ ಒಮ್ಮೆ, ಬಚ್ಚಲ ಕಡೆ ಒಮ್ಮೆ ನೋಡಿದಳು. ನಾನು ಬೇಡ ಬೇಡ ಎಂದು ಎರಡೂ ಕೈ ಆಡಿಸುತ್ತಿದ್ದೆ. ಅವಳು ನಿಧಾನವಾಗಿ ಹೇಳಿದಳು: “ಅವೆರಡೂ ಹೊಂದ್ಕೊಂಡ್ವು ಡಾಕ್ಟ್ರೇ. ಈ ಮನೇಲಿ ಈಗ ಹೊಂದ್ಕೊಳ್ದೆ ಇರೋದು ಒಂದೇ ಒಂದಿದೆ. ಸ್ವಲ್ಪ ವಯಸ್ಸಾಗಿದೆ, ಕಚ್ಚಲ್ಲ, ಎಣ್ಣೆ ನೀರಿಗೆ ಮಾತ್ರ ಕೂರಲ್ಲ. ಗಾಜಿನ ಪೆಟ್ಟಿಗೆ ದೊಡ್ಡದಿದ್ರೆ ಕಳಿಸ್ಕೊಡ್ತೀನಿ, ಕೇಳಿ ನೋಡಿ.”

ನಾನು ಅಂಗಿ ಬಿಚ್ಚಿ, ಬಚ್ಚಲ ಮನೆಗೆ ಹೋಗಿ ಅಮ್ಮನ ಮುಂದೆ ಮಣೆಯ ಮೇಲೆ ಕೂತೆ.