ಮೇಷ್ಟ್ರು ಆವಿಗೆಯಲ್ಲಿ ಜಾಗ ಹಿಡಿದದ್ದು

ಬೆಕ್ಕಿಗೆ ಬೀಸಿದ ರೂಲುದೊಣ್ಣೆ ಬೆಕ್ಕಿಗೇ ತಗುಲಿದ್ದರೆ ತೋವಿನಕೆರೆ ಶಾಲೆಯ ಹೆಡ್‌ಮೇಷ್ಟ್ರು ನಂದೀಶ್ವರಯ್ಯನವರು ಕುಂಬಾರಿಕೆಗೆ ಇಳಿಯುವ ಪ್ರಸಂಗವೇ ಬರುತ್ತಿರಲಿಲ್ಲ. ಏಟು ಬಿದ್ದದ್ದು ಮೊಸರಿನ ಗಡಿಗೆಗೆ. ಬೆಕ್ಕು ಗೋಡೆ ಹತ್ತಿ ಕೂತು, ಮೀಸೆ ನೆಕ್ಕಿಕೊಳ್ಳುತ್ತ, ಮುಂದಿನ ಯುದ್ಧಕಾಂಡ ನೋಡಲು ಸಿದ್ಧವಾಯಿತು.

ಅದು ಅಂತಿಂಥ ಗಡಿಗೆಯಲ್ಲ. ಸರ್ವಮಂಗಳಮ್ಮ ಮದುವೆಯಾಗಿ ಬರುವಾಗ ಅವರ ತಾಯಿ ಹೆಪ್ಪಿನ ಸಮೇತ ಕೈಗಿತ್ತು ಕಳಿಸಿದ್ದು. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು; ಹೆಪ್ಪು ಮಾತ್ರ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಇಂಥ ಹೊತ್ತಿನಲ್ಲಿ ಗಂಡನಾದವನು ಬಾಯಿ ಮುಚ್ಚಿಕೊಂಡು ಚೂರು ಆಯಬೇಕು. (ಈ ಪಾಠ ಯಾವ ಪುಸ್ತಕದಲ್ಲೂ ಇಲ್ಲವಾದ್ದರಿಂದ ಮೇಷ್ಟ್ರಿಗೆ ಗೊತ್ತಿರಲಿಲ್ಲ.) ಮಣ್ಣಿನ ಗಡಿಗೆ ತಾನೆ, ಸಂತೆಯಲ್ಲಿ ಇನ್ನೊಂದು ತಂದರಾಯಿತು ಎಂದುಬಿಟ್ಟರು.

“ಒಂದು ಗಡಿಗೆ ನಿಮ್ಮ ಕೈಯಾರೆ ಮಾಡಿ, ಸುಟ್ಟು ನೋಡಿ. ಆಗ ತಿಳಿಯುತ್ತೆ,” ಎಂದರು ಸರ್ವಮಂಗಳಮ್ಮ. “ಅಲ್ಲೀತನಕ ನನ್ನ ಕರೆಯೋಕೆ ಬರಬೇಡಿ.”

ಸಂಕ್ರಾಂತಿಗೆ ಬಂದಿದ್ದ ಆಕೆಯ ಅಣ್ಣ ಪರ್ವತಯ್ಯನ ಗಾಡಿ ಬಾಗಿಲಲ್ಲೇ ಇತ್ತು. ಟ್ರಂಕು ಏರಿತು, ಹಿಂದೆಯೇ ಅವರೂ ಏರಿದರು. ಗಾಡಿ ತವರೂರು ತಾವರೆಕೆರೆಯ ದಾರಿ ಹಿಡಿಯಿತು.

ಮೊದಲ ವಾರ ಮೇಷ್ಟ್ರು ಸ್ವತಂತ್ರ ಸಂಸ್ಥಾನದ ಮಹಾರಾಜರ ಹಾಗೆ ಇದ್ದರು. ಎರಡನೆಯ ವಾರಕ್ಕೆ ಸಂಸ್ಥಾನ ಬರಿದಾಯಿತು. ಹಿತ್ತಾಳೆ ಪಾತ್ರೆಯಲ್ಲಿ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಹಾಲೂ ಅಲ್ಲದ, ಮೊಸರೂ ಅಲ್ಲದ ಕಿಲುಬು ನೀರೊಂದು ತಯಾರಾಗುತ್ತಿತ್ತು. ಊಟಕ್ಕೆ ಎರಡು ಎಲೆ ಹಾಸಿ, ಒಂದನ್ನು ಸುಮ್ಮನೆ ಮಡಿಚಿಡುತ್ತಿದ್ದರು. ಶಾಲೆಯಿಂದ ಬಂದು ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟರೂ ಬೈಯುವವರಿಲ್ಲ. ಬೇಕೆಂದೇ ಹೊಸ್ತಿಲ ಮೇಲೆ ಬಿಟ್ಟು ನೋಡಿದರು, ಬಿಟ್ಟಲ್ಲೇ ಬಿದ್ದಿದ್ದವು. ಅದನ್ನು ನೋಡಿ ಮೇಷ್ಟ್ರಿಗೆ ಅಳುವೇ ಬಂತು.

ಹೋಗಿ ಕರೆದರಾಗದೇ ಎಂದು ನೀವು ಕೇಳಬಹುದು. ಆದರೆ ಆಕೆ ಹಾಕಿದ ಷರತ್ತು ಸ್ಪಷ್ಟವಾಗಿತ್ತಲ್ಲ. ಲೆಕ್ಕದಲ್ಲಿ ಒಂದು ಮೆಟ್ಟಿಲು ಬಿಟ್ಟ ಹುಡುಗನಿಗೆ ಸೊನ್ನೆ ಕೊಡುವ ಮನುಷ್ಯ ನಂದೀಶ್ವರಯ್ಯ. ಗಡಿಗೆ ಆಗದೆ ತಾವರೆಕೆರೆಗೆ ಹೋಗುವುದು ಅವರಿಂದಾಗದ ಮಾತು.

ಊರಿನ ಏಳು ಕುಂಬಾರರ ಮನೆಗೂ ಕೆರೆ ಹಿಂದೆ ಒಂದೇ ಆವಿಗೆ. ಹದಿನೈದು ದಿನಕ್ಕೊಮ್ಮೆ ಏಳು ಮನೆಯ ಹಸಿ ಮಡಕೆಗಳನ್ನೂ ಅದರಲ್ಲಿ ಒಟ್ಟಿ, ಹುಲ್ಲು ಬೆರಣಿ ಮುಚ್ಚಿ ಬೆಂಕಿ ಹಾಕುತ್ತಿದ್ದರು. ಅದರಲ್ಲಿ ಒಂದೇ ಒಂದು ಗಡಿಗೆಯಷ್ಟು ಜಾಗ ಬಾಡಿಗೆಗೆ ಬೇಕೆಂದು ಮೇಷ್ಟ್ರು ಹಿರಿಯ ದೊಡ್ಡರಂಗಪ್ಪನ ಬಳಿ ಹೋಗಿ ನಿಂತರು. ದೊಡ್ಡರಂಗಪ್ಪ ದುಡ್ಡು ಒಲ್ಲೆನೆಂದ. ಮೇಷ್ಟ್ರ ಕಾಸು ಇಸ್ಕಂಡು ನಾಳೆ ನಮ್ಮ ಐಕ್ಳು ಫೇಲಾದರೆ ಯಾರು ಹೊಣೆ ಎಂಬುದು ಅವನ ಭಯ. ಅವನ ಹೆಂಡತಿ ಮುನಿಯಮ್ಮ ಬೇರೊಂದು ದಾರಿ ತೋರಿಸಿದಳು.

“ಅಮ್ಮಾವ್ರು ಮಾಡೋ ಹೋಳಿಗೆ ಊರಿಗೇ ಹೆಸರುವಾಸಿ ಕಣ್ ಸ್ವಾಮಿ. ಅವ್ರು ಬಂದ್ಮ್ಯಾಕೆ ನಮ್ಮ ಏಳು ಮನೆಗೂ ಒಂದ್ ಹೋಳಿಗೆ ಊಟ ಆಕ್ಸಿ. ಒಂದ್ ಆವಿಗೆಗೆ ಒಂದೂಟ.”

ಒಂದೇ ಆವಿಗೆಗೆ ಮುಗಿಯುವ ಕೆಲಸವೆಂದು ಮೇಷ್ಟ್ರು ಮರುಮಾತಿಲ್ಲದೆ ಒಪ್ಪಿಕೊಂಡರು. (ಹೋಳಿಗೆ ಮಾಡಬೇಕಾದವರನ್ನು ಕೇಳಲಿಲ್ಲ. ಕೇಳೋಣವೆಂದರೆ ಅವರು ಊರಲ್ಲಿರಲಿಲ್ಲ.)

ಅಂದಿನಿಂದ ದಿನಾ ಸಂಜೆ ಪೇಟ ಗೂಟಕ್ಕೆ ಸಿಕ್ಕಿಸಿ, ಕಚ್ಚೆ ಬಿಗಿದು ದೊಡ್ಡರಂಗಪ್ಪನ ತಿಗರಿ ಚಕ್ರದ ಮುಂದೆ ಕೂತರು. ಮಣ್ಣು ಶಾಲೆಯ ಹುಡುಗರಷ್ಟು ವಿಧೇಯವಾಗಿರಲಿಲ್ಲ. ಗಡಿಗೆಯೆಂದು ಎತ್ತಿದ್ದು ತಟ್ಟೆಯಾಗಿ ಮಲಗುತ್ತಿತ್ತು. ಅಂತೂ ಹೊಟ್ಟೆ ಬಾಯಿ ಇರುವ ಪದಾರ್ಥವೊಂದು ಆದಾಗ ದೊಡ್ಡರಂಗಪ್ಪ, “ನೆಳ್ಳಲ್ಲಿ ಒಣಗ್ಲಿ ಬುಡಿ, ಆತ್ರ ಬ್ಯಾಡಿ,” ಎಂದ. ಹೆಂಡತಿ ಇಲ್ಲದವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಬೇಗ ಆಗಲೆಂದು ಮೇಷ್ಟ್ರು ಅದನ್ನು ಕದ್ದು ಬಿಸಿಲಿಗಿಟ್ಟರು. ಮೇಲೆ ಒಣಗಿತ್ತು, ಒಳಗೆ ಹಸಿ. ಆವಿಗೆಯಲ್ಲಿ ಢಂ ಎಂದು ಸಿಡಿದು, ಪಕ್ಕದಲ್ಲಿದ್ದ ಮುನಿಯಮ್ಮನ ಮೂರು ಮುಚ್ಚಳಗಳನ್ನೂ ಜೊತೆಗೆ ಕೈಲಾಸಕ್ಕೆ ಕರೆದೊಯ್ದಿತು.

ಎರಡನೆಯದರ ಬುಡ ಕಳಚಿತು. ಮೂರನೆಯದು ಸೊಗಸಾಗಿತ್ತು; ಆರುವ ಮೊದಲೇ ನೋಡುವ ಆಸೆಗೆ ಹೊರಗೆಳೆದರು, ಗಾಳಿ ಸೋಕಿ ಬಿರಿಯಿತು. ನಾಲ್ಕನೆಯದರ ಮೇಲೆ ದೊಡ್ಡರಂಗಪ್ಪ ಮಾಡಿದ್ದ, ದವಸ ತುಂಬುವ ದೊಡ್ಡ ವಾಡೆ ಕುಸಿದು ಬಿತ್ತು, ಪಾಪ ಅದರಲ್ಲಿ ಮೇಷ್ಟ್ರ ತಪ್ಪಿಲ್ಲ. ಪ್ರತಿ ಸಲ ಬೆಂಕಿ ಹಾಕಿದಾಗಲೂ ಅವರು ಆವಿಗೆ ಪಕ್ಕದ ಕಲ್ಲಿನ ಮೇಲೆ ಕೂತು ಹೊಗೆ ನೋಡುತ್ತಿದ್ದರು. ಆಕೆಯೂ ಹೀಗೇ ಒಲೆ ಮುಂದೆ ಕಣ್ಣುಜ್ಜಿಕೊಳ್ಳುತ್ತ ಇಪ್ಪತ್ತು ವರ್ಷ ಕೂತಿದ್ದಳಲ್ಲ, ನಾನು ಒಂದು ದಿನವಾದರೂ ಹೊಗೆಯಾಗುತ್ತಿದೆಯೇ ಎಂದು ಕೇಳಿದೆನೇ ಎಂದುಕೊಂಡರು. ಉಪ್ಪಿಲ್ಲವೆಂದು ಮಾತ್ರ ತಪ್ಪದೆ ಹೇಳಿದ್ದರು.

ಐದನೆಯ ಆವಿಗೆಯಲ್ಲಿ ಗಡಿಗೆ ಉಳಿಯಿತು. ಕತ್ತು ವಾಲಿತ್ತು, ಒಂದು ಕಡೆ ಕಪ್ಪು, ಆದರೂ ಗಡಿಗೆ. ಮೇಷ್ಟ್ರು ಅದನ್ನು ಹೆಂಡತಿಯ ಹಳೆ ಸೀರೆಯಲ್ಲಿ ಸುತ್ತಿ, ಎದೆಗವುಚಿಕೊಂಡು ತಾವರೆಕೆರೆಗೆ ಹೋಗಲು ಸಿರಾ ಬಸ್ಸು ಹತ್ತಿದರು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಸೆರಗು ಸರಿಸದೆಯೇ ಮಗೂಗೆಷ್ಟು ತಿಂಗಳಾಯಿತೆಂದು ವಿಚಾರಿಸಿದಳು. ಮೇಷ್ಟ್ರು ಸುಳ್ಳಾಡುವವರಲ್ಲ, ಎರಡೂವರೆ ತಿಂಗಳು ಎಂದರು. ತಾಯಿಯೆಲ್ಲಿ ಎಂದದ್ದಕ್ಕೆ, ಸಿಟ್ಟು ಮಾಡಿಕೊಂಡು ತವರಿಗೆ ಹೋಗಿದ್ದಾಳೆ ಎಂದರು. ಮುದುಕಿ ಸಿರಾ ಬರುವವರೆಗೂ ಆ ತಾಯಿಗೆ ಶಾಪ ಹಾಕಿದಳು.

ತಾವರೆಕೆರೆಯ ಬಾಗಿಲಲ್ಲಿ ಸರ್ವಮಂಗಳಮ್ಮ ನಿಂತಿದ್ದರು, ಸ್ವಲ್ಪ ಇಳಿದುಹೋಗಿದ್ದರು. ಅವರ ಹಿಂದೆ ಜಗುಲಿ ಮೇಲೆ ಟ್ರಂಕು ಸಿದ್ಧವಾಗಿತ್ತು. ಮೇಷ್ಟ್ರು ಸುತ್ತಿದ್ದ ಸೀರೆ ಬಿಚ್ಚಿ ಗಡಿಗೆ ಮುಂದಿಟ್ಟರು. ಆಕೆ ಬೆರಳಿನಿಂದ ತಟ್ಟಿ ನೋಡಿದರು. ಠಣ್ ಎನ್ನಬೇಕಾದದ್ದು ಡಬ್ ಎಂದಿತು. ಎಲ್ಲೋ ಬಿರುಕಿತ್ತು.

“ಇದನ್ನ ಮಾಡ್ತಾ ಕೂತಿದ್ರಾ ಇಷ್ಟು ದಿನ?”

“ನೀನೇ ಹೇಳಿದ್ದೆಯಲ್ಲ.”

“ಸಿಟ್ಟಲ್ಲಿ ಹೆಂಗಸು ಏನೋ ಅಂತಾಳಪ್ಪ. ಬರಿಗೈಲಿ ಬಂದು, ಬಾ ಹೋಗೋಣ ಅಂದಿದ್ರೆ ಅವತ್ತೇ ಹೊರಡ್ತಿದ್ದೆ. ಗಂಡ ಬಂದು ಕರೀದೆ ನಾನಾಗಿ ಹೆಂಗೆ ಬರಲಿ? ರಜಕ್ಕೆ ನೀವು ಬರ್ತೀರಿ ಅಂತ ಪ್ರತಿ ಶುಕ್ರವಾರ ಟ್ರಂಕು ಕಟ್ಟೋದು, ಸೋಮವಾರ ಬಿಚ್ಚೋದು. ನೀವಿಲ್ದೆ ನಂಗೇನು ಅನ್ನ ಸೇರ್ತಿತ್ತು ಅಂದ್ಕೊಂಡ್ರಾ?” ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರೂ ಪೇಟದ ತುದಿಯಿಂದ ಮೂಗೊರೆಸಿಕೊಂಡರು.

ಮಾರನೆಯ ದಿನ ತೋವಿನಕೆರೆಗೆ ಬಂದಿಳಿದರು. ಸರ್ವಮಂಗಳಮ್ಮ ಆ ಸೊಟ್ಟ ಗಡಿಗೆಯನ್ನು ದೇವರ ಗೂಡಿನ ಪಕ್ಕ ಇಟ್ಟು, ತವರಿನಿಂದ ತಂದ ಹೆಪ್ಪನ್ನು ದಾರಿಯಲ್ಲಿ ಕೊಂಡ ಸಂತೆಯ ಗಡಿಗೆಗೆ ಹಾಕಿದರು. ಮೇಷ್ಟ್ರು ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟು ಬೈಗುಳ ತಿಂದು, ಪರಮಾನಂದದಲ್ಲಿ ಕಂಬಕ್ಕೊರಗಿದರು. ಆಗ ಅಂಗಳದಲ್ಲಿ ಸದ್ದಾಯಿತು. ನೋಡಿದರೆ ಏಳು ಕುಂಬಾರರ ಮನೆಯ ಚಿಳ್ಳೆ ಪಿಳ್ಳೆ, ಬಸುರಿ ಬಾಣಂತಿ, ಎಲ್ಲರೂ ಕೈಯಲ್ಲಿ ಮುತ್ತುಗದ ಎಲೆ ಹಿಡಿದು ಸಾಲಾಗಿ ಕೂರುತ್ತಿದ್ದರು. ಮುನಿಯಮ್ಮ ಅಮ್ಮಾವ್ರಿಗೆ ಕೈಮುಗಿದು, ಐದು ಆವಿಗೆಗೆ ಐದೂಟದ ಕರಾರನ್ನು ವಿವರವಾಗಿ ಒಪ್ಪಿಸಿದಳು.

ಸರ್ವಮಂಗಳಮ್ಮ ಗಂಡನ ಕಡೆ ತಿರುಗಿದರು. ಮೇಷ್ಟ್ರು ಜಗುಲಿಯ ಕಡೆ ನೋಡಿದರು. ಟ್ರಂಕು ಇನ್ನೂ ಒಳಗೆ ಹೋಗಿರಲಿಲ್ಲ. ಆದರೆ ಆಕೆ ಟ್ರಂಕಿನ ಕಡೆ ಹೋಗಲಿಲ್ಲ. ಒಳಗಿನಿಂದ ಹಿಟ್ಟಿನ ಕೊಳಗ ತಂದು ಅವರ ಮುಂದಿಟ್ಟರು.

“ಅಷ್ಟು ಮಣ್ಣು ಕಲೆಸಿದ ಕೈ, ಕಣಕ ಕಲೆಸೋಕೆ ಏನು ಧಾಡಿ? ಕೂತ್ಕೊಳ್ಳಿ.”

ಕೂತರು. ಊರಿನ ಅರ್ಧ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹೆಡ್‌ಮೇಷ್ಟ್ರು ಅದೇ ಮಕ್ಕಳ ಕಣ್ಣೆದುರು ಪೇಟ ಗೂಟಕ್ಕೆ ಸಿಕ್ಕಿಸಿ ಮೊಳಕೈವರೆಗೆ ಹಿಟ್ಟಾದರು. ಹೆಂಡತಿ ಪಕ್ಕದಲ್ಲೇ ಕೂತು, ಒಂದೊಂದು ಉಂಡೆಗೂ ಒಂದೊಂದು ತಪ್ಪು ಹಿಡಿಯುತ್ತಿದ್ದರು. ಮೇಷ್ಟ್ರು ತಟ್ಟಿದ ಮೊದಲ ಹೋಳಿಗೆ ಒಂದು ಕಡೆ ವಾಲಿ, ಇನ್ನೊಂದು ಕಡೆ ಕಪ್ಪಾಗಿ, ಹೂರಣ ಹೊರಗೆ ಬಂದು ಮುನಿಯಮ್ಮನ ಎಲೆಗೆ ಬಿತ್ತು. ಮುನಿಯಮ್ಮ ಅದನ್ನು ತಿರುವಿ ಮುರುವಿ ನೋಡಿ, ಬಾಯಿಗೆ ಹಾಕಿಕೊಂಡಳು.

“ಯೋಚ್ನೆ ಮಾಡ್ಬ್ಯಾಡಿ ಮೇಷ್ಟ್ರೇ. ಇನ್ನೂ ನಾಕೂಟ ಐತಲ್ಲ, ಕಲ್ತ್ಕತೀರಿ ಬುಡಿ.”