ನಿಂತ ಕಾರಿನ ಅಪರಾಧ ಪ್ರಮಾಣ

ಕೆಂಪು ಬಾಳೆಹಣ್ಣನ್ನು ಹೊರಗಿನಿಂದ, ಅದಕ್ಕೇ ಹೆಸರಾದ ಕಮಲಾಪುರಕ್ಕೆ ಒಯ್ಯಬಾರದೆಂದು ಯಾವ ಕಾನೂನಿನಲ್ಲೂ ಇಲ್ಲ. ಆದ್ದರಿಂದ ಕಲಬುರಗಿಯ ಖೂಬಾ ಪ್ಲಾಟಿನ ರಾಜೇಶ್ರೀ ಒಂದು ಡಜನ್ ಕೆಂಪು ಬಾಳೆಹಣ್ಣನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಅದಕ್ಕೆ ಬೆಲ್ಟನ್ನೂ ಕಟ್ಟಿ, ಮುಕ್ಕಾಲು ತಾಸು ಕಾನೂನುಬದ್ಧವಾಗಿ ಪ್ರಯಾಣ ಮಾಡಿ, ಕಾನೂನುಬದ್ಧವಾಗಿಯೇ ದಾರಿ ತಪ್ಪಿದ್ದಳು.

ಶಾಲೆಗಳಿಗೆ ಪ್ರಯೋಗಾಲಯದ ಸಾಮಾನು ಮಾರುತ್ತ ಇಪ್ಪತ್ತು ವರ್ಷದಲ್ಲಿ ಹನ್ನೊಂದು ರಾಜ್ಯ ತಿರುಗಿದ ಹೆಂಗಸು ಆಕೆ. ಚಂಬಲ್ ಕಣಿವೆಯಿಂದ ಯಾರನ್ನೂ ಕೇಳದೆ ಹೊರಬಂದಾಕೆ ಈಗ ಪಂಕ್ಚರ್ ಅಂಗಡಿಯ ಖಮರುದ್ದೀನನ ಮುಂದೆ ಗಾಜು ಇಳಿಸಿದಳು.

“ಮಾಣಿಕಪ್ಪನ ಮನಿ ಎಲ್ಲಿ ಬರ್ತದ್ರಿ? ಬಾಳಿ ತೋಟ ಅದ ಅಲ್ಲ, ಅಂವಂದು.”

“ಟ್ರ್ಯಾಕ್ಟರ್ ಮಾಣಿಕಪ್ಪಂದೇನ್ರಿ? ಕಮಲಾಪುರ ಹಿಂದೇ ಬಿಟ್ಟು ಬಂದೀರಿ ಮೇಡಂ.” ಖಮರುದ್ದೀನನ ಕಣ್ಣು ಸೀಟಿನ ಮೇಲೆ ಹೋಯಿತು. “ಅವರ ಮನಿಗಿ ಬಾಳಿಹಣ್ಣು ಒಯ್ಯಾಕತ್ತೀರಿ?”

“ಅವರು ಕೊಟ್ಟಿದ್ರು. ವಾಪಸ್ ಮಾಡಾಕ ಹೊಂಟೀನಿ.”

“ಕೆಟ್ಟಿದ್ವೇನ್ರಿ?”

“ಇಲ್ಲ, ಚಲೋ ಇದ್ವು. ತಿಂದ್ವಿ. ಇವು ಬ್ಯಾರೆ.”

ಖಮರುದ್ದೀನ್ ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ವಿಚಾರ ಮಾಡಿದ. “ಇನ್ಶೂರೆನ್ಸ್ ಕೆಲಸೇನ್ರಿ?”

“ಹೌದ್ರಿ.”

“ಮತ್ತ ಹಂಗ ಹೇಳ್ರಿ,” ಎಂದು ದಾರಿ ತೋರಿಸಿದ.

ಸಂಗತಿ ಸರಳವಾದದ್ದು. ಹೋದ ತಿಂಗಳು ಕಮಲಾಪುರದ ಸಂತೆಯ ದಿನ ರಾಜೇಶ್ರೀ ಕಾರನ್ನು ಬೇವಿನ ಮರದ ನೆರಳಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಳು. ಮಾಣಿಕಪ್ಪನ ಟ್ರ್ಯಾಕ್ಟರು ಹಿಂದಕ್ಕೆ ಬಂದು ಕಾರಿನ ಮೂತಿಯನ್ನು ಒಳಗೆ ಹಾಕಿತು. ಮಾಣಿಕಪ್ಪ ಜಿಗಿದಿಳಿದು, “ತಪ್ಪು ನಂದೇ ರಿ ಅಕ್ಕಾರೆ,” ಎಂದು ಇಡೀ ಸಂತೆಗೆ ಕೇಳುವಂತೆ ಹೇಳಿ, ಒಂದು ಡಜನ್ ಹಣ್ಣನ್ನು ಬಾನೆಟ್ಟಿನ ಮೇಲಿಟ್ಟ. ಬರಿಗೈಯಲ್ಲಿ ತಪ್ಪೊಪ್ಪಿಕೊಳ್ಳುವುದು ಅವನ ಮನೆತನದಲ್ಲಿ ಇಲ್ಲ. ತಿನ್ನದೆ ಹೋದರೆ ಬೇಜಾರಾದೀತೆಂದು ರಾಜೇಶ್ರೀ ಅಲ್ಲಿಯೇ ಎರಡು ತಿಂದು ಉಳಿದದ್ದನ್ನು ಮನೆಗೆ ಒಯ್ದಳು. ಯಾರೋ ಫೋಟೋ ತೆಗೆದರು.

ಆ ಫೋಟೋ ನಿಶ್ಚಿಂತ ವಿಮಾ ಕಂಪನಿಯ ಕಲಬುರಗಿ ಶಾಖೆಯ ವ್ಯವಸ್ಥಾಪಕ ಗುರುಲಿಂಗನ ಮೇಜಿಗೆ ಬಂತು.

“ಇದೇನ್ರಿ ನಿಮ್ಮ ಕೈಯಾಗ?”

“ಸಿಪ್ಪಿ.”

“ಸಿಪ್ಪಿ ಹೊರಗ ಅದ ಅಂದ್ರ ಹಣ್ಣು ಒಳಗ ಹೋಗ್ಯದ,” ಎಂದು ಗುರುಲಿಂಗ ಬೇಸರದಿಂದ ನಿಯಮಾವಳಿ ತೆರೆದ. ನಿಯಮ 14(ಕ) ಹೀಗಿತ್ತು: ಘಟನಾ ಸ್ಥಳದಲ್ಲಿ ಎದುರು ಪಕ್ಷದಿಂದ ತಿನಿಸು ಸ್ವೀಕರಿಸಿದ ಪಾಲಿಸಿದಾರರು ಸದರಿ ಅಪಘಾತದಲ್ಲಿ ಸ್ವಇಚ್ಛೆಯಿಂದ ಪಾಲ್ಗೊಂಡಿರುವುದಾಗಿ ಪರಿಗಣಿಸತಕ್ಕದ್ದು. ತಪ್ಪಿನ ಪ್ರಮಾಣವನ್ನು ಹಣ್ಣೊಂದಕ್ಕೆ ಶೇಕಡಾ ನಾಲ್ಕರಂತೆ ನಿಗದಿಪಡಿಸತಕ್ಕದ್ದು. ಸಿಪ್ಪೆಗೆ ವಿನಾಯಿತಿ ಇರುವುದಿಲ್ಲ.

“ನಾ ಕಾರಿನಾಗ ಇದ್ದಿದ್ದೇ ಇಲ್ಲಲ್ರಿ. ಕಾರು ನಿಂತಿತ್ತು.”

“ಅದೇ ಗಂಭೀರ ವಿಷಯ ನೋಡ್ರಿ. ಓಡೋ ಕಾರಿಗಿ ತಪ್ಪಿಸ್ಕೊಳ್ಳೋ ಇಚ್ಛಾ ಇರ್ತದ. ನಿಂತ ಕಾರು ಹೊಡಿಸ್ಕೊಳ್ಳಾಕ ತಯಾರಾಗೇ ನಿಂತಿರ್ತದ.”

ಹೀಗಾಗಿ ರಾಜೇಶ್ರೀಯ ಹೆಸರನ್ನು ‘ಹೊಡೆಸಿಕೊಳ್ಳುವ ಪ್ರವೃತ್ತಿಯುಳ್ಳವರು’ ಎಂಬ ಕಡತಕ್ಕೆ ಸೇರಿಸಲಾಯಿತು. ಎಂಟು ವರ್ಷ ಒಂದೂ ಕ್ಲೇಮ್ ಮಾಡದ್ದಕ್ಕೆ ಸಿಕ್ಕಿದ್ದ ರಿಯಾಯಿತಿ ರದ್ದಾಗಿ, ಒಂಬತ್ತು ಸಾವಿರವಿದ್ದ ಪ್ರೀಮಿಯಂ ಹದಿನೇಳು ಸಾವಿರವಾಯಿತು. ತಿಂಗಳೊಳಗೆ ಕಟ್ಟದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ. ಮುಂದಿನ ತಿಂಗಳೇ ಶಾಲೆಗಳ ಬಾಗಿಲು ತೆರೆಯುತ್ತವೆ. ಕಾರಿಲ್ಲದಿದ್ದರೆ ಗಾಜಿನ ನಳಿಗೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಬೇಕು, ಇಳಿಯುವಾಗ ಚೂರು ಮಾರಬೇಕು. ಉಳಿದ ದಾರಿ ಒಂದೇ: ಹಣ್ಣನ್ನು ಹಿಂದಿರುಗಿಸಿ ಎದುರು ಪಕ್ಷದ ರಸೀದಿ ತರುವುದು.

ಮಾಣಿಕಪ್ಪನ ತಾಯಿ ಬಂಡೆಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಎಲ್ಲವನ್ನೂ ಕೇಳಿದಳು.

“ಕೊಟ್ಟದ್ದು ಹೊಳ್ಳಿ ಇಸ್ಕೊಂಡ್ರ ಮಂದಿ ಏನಂದಾರು ತಂಗಿ? ಇನ್ನೊಂದು ಡಜನ್ ಬೇಕಾದ್ರ ಒಯ್ಯಿ.”

“ಬ್ಯಾಡ ಆಯಿ. ನಲವತ್ತೆಂಟಿದ್ದ ತಪ್ಪು ತೊಂಬತ್ತಾರು ಆಗ್ತದ.”

ಮಾಣಿಕಪ್ಪ ತಲೆ ತಗ್ಗಿಸಿ ಒಳಗೆ ಹೋಗಿ ಒಂದು ಪತ್ರ ತಂದ. ಅವನ ಟ್ರ್ಯಾಕ್ಟರಿಗೂ ಅದೇ ಕಂಪನಿ. ‘ಕಂಪನಿಗೆ ಯಾವುದೇ ಖರ್ಚು ತಗಲದಂತೆ ಎದುರು ಪಕ್ಷವನ್ನು ಸ್ಥಳದಲ್ಲಿಯೇ ಸಮಾಧಾನಪಡಿಸಿದ ತಮ್ಮ ಜವಾಬ್ದಾರಿಯುತ ನಡವಳಿಕೆಯನ್ನು ಮೆಚ್ಚಿ, ಪ್ರೀಮಿಯಂನಲ್ಲಿ ಶೇಕಡಾ ಇಪ್ಪತ್ತು ರಿಯಾಯಿತಿ ನೀಡಲಾಗಿದೆ.’

“ನಾ ಕೇಳಿಲ್ರಿ ಅಕ್ಕಾರೆ. ಅವರಾಗೇ ಕಳಿಸ್ಯಾರ. ಅವತ್ತಿಂದ ಊಟ ಸೇರವಲ್ದು ನನಗ.”

“ಎರಡು ರೊಟ್ಟಿ ಕಮ್ಮಿ ತಿನ್ನಾಕತ್ತಾನ,” ಎಂದು ಬಂಡೆಮ್ಮ ಸಾಕ್ಷಿ ಹೇಳಿದಳು.

ರಾಜೇಶ್ರೀ ಅಲ್ಲಿಂದಲೇ ಗುರುಲಿಂಗನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಆ ಕಡೆ ಹಾಳೆ ತಿರುವುವ ಸಪ್ಪಳ ಕೇಳಿಸಿತು.

“14(ಖ) ಅದ ನೋಡ್ರಿ. ಹಣ್ಣು ವಾಪಸ್ ಆಗಲಿಲ್ಲಂದ್ರ ಅಪಘಾತ ವಾಪಸ್ ಆಗಬೇಕು.”

“ಅಂದ್ರ?”

“ಅವರು ನಿಮಗ ಒಂದು ಡಿಕ್ಕಿ ಕೊಟ್ಟಾರ. ಕಂಪನಿ ಪ್ರಕಾರ ಅದು ನಿಮ್ಮ ಮ್ಯಾಲೆ ಬಾಕಿ ಅದ. ಅದೇ ಜಾಗದಾಗ ಅಷ್ಟೇ ಜೋರಿಲೆ ಹೊಡದು, ಅಷ್ಟೇ ಹಣ್ಣು ಕೊಡ್ರಿ. ಫೋಟೋದಾಗ ಸಿಪ್ಪಿ ಕಾಣ್ಬೇಕು. ನಿಮ್ಮ ಪ್ರೀಮಿಯಂ ಇಳೀತದ.”

“ಇವರದು?”

“ಏರ್ತದ. ಯಾರದಾದ್ರೂ ಏರಬೇಕಲ್ರಿ ಮೇಡಂ, ಕಂಪನಿ ನಡೀಬೇಕು.”

ರಾಜೇಶ್ರೀ ಫೋನು ಇಟ್ಟಳು. ಬರೀ ನಿಂತುಕೊಂಡಿರುವ ಟ್ರ್ಯಾಕ್ಟರಿಗೆ ತಾನಾಗಿ ಹೋಗಿ ಗುದ್ದುವುದು ಆಕೆಗೆ ಸರಿಕಾಣಲಿಲ್ಲ. ಅದನ್ನು ಹೇಳಿಯೂ ಹೇಳಿದಳು.

“ಹೊಡೀರಿ ಅಕ್ಕಾರೆ,” ಎಂದ ಮಾಣಿಕಪ್ಪ. “ನಾ ಕೇಳ್ದೇ ಹೊಡದಿದ್ದೆ. ನೀವು ಹೇಳಿ ಹೊಡ್ಯಾಕತ್ತೀರಿ. ನಿಮ್ಮದೇ ದೊಡ್ಡಗುಣ.”

“ನಿಮಗ ಲುಕ್ಸಾನ ಆಗ್ತದಲ್ಲ?”

“ನಮ್ಮ ಮಾವ ದಿಲೀಪ ಹೊಸಾ ಜೀಪ ತಗೊಂಡಾನ್ರಿ. ಅದನ್ನ ನೆರಳಿಗಿ ನಿಂದ್ರಸು ಅಂತೀನಿ.”

ಅಲ್ಲಿಯೇ ಫೋನು ಮಾಡಿ ಹೇಳಿದ. ದಿಲೀಪ ಬೈಯಲಿಲ್ಲ. ತಾನು ಯಾರಿಗೆ ಹೊಡೆಯಬೇಕು ಎಂದಷ್ಟೇ ಕೇಳಿದ.

ಮುಂದಿನ ಸಂತೆಯ ದಿನ ಬೇವಿನ ಮರಕ್ಕೆ ಒಂದು ಪ್ರಕಟಣೆ ಅಂಟಿತ್ತು: ‘ಈ ನೆರಳನ್ನು ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಡಿಕ್ಕಿ ತೀರಿಸುವವರಿಗಾಗಿ ಕಾಯ್ದಿರಿಸಲಾಗಿದೆ. ಹಣ್ಣನ್ನು ತಾವೇ ತರತಕ್ಕದ್ದು. ಸರದಿ ತಪ್ಪಿಸಿ ಹೊಡೆದವರ ಡಿಕ್ಕಿಯನ್ನು ಅಪಘಾತವೆಂದು ಪರಿಗಣಿಸಲಾಗುವುದು.’ ಸಾಲಿನಲ್ಲಿ ರಾಜೇಶ್ರೀಯ ಮುಂದೆ ಎರಡು ಗಾಡಿಗಳಿದ್ದವು, ಹಿಂದೆ ಏಳು. ಗುರುಲಿಂಗ ಕುರ್ಚಿ ಹಾಕಿಕೊಂಡು ಕೂತಿದ್ದ.

ಆಕೆಯ ಸರದಿ ಬಂತು. ಇಪ್ಪತ್ತು ವರ್ಷದಲ್ಲಿ ಒಂದು ನಾಯಿಗೂ ಕಾರು ತಾಕಿಸದ ಕಾಲು ಬ್ರೇಕಿನ ಮೇಲಿಂದ ಏಳಲು ಒಪ್ಪಲಿಲ್ಲ.

“ಲಗೂ ಹೊಡೀರಿ, ನಮಗೂ ಮನಿ ಮಾರ ಅದಾವ,” ಎಂದರು ಹಿಂದಿನವರು.

“ಹಿಂದಿನ ಗಾಲಿಗಿ ಹೊಡಿ ತಂಗಿ,” ಎಂದಳು ಬಂಡೆಮ್ಮ. “ಮುಂದಿಂದು ಮೊನ್ನಿ ಹಾಕ್ಸ್ಯಾನ.”

ಕಾಲು ಎದ್ದಿತು. ಕಾರು ಹಿಂದಕ್ಕೆ ಹೋಗಿ ಟ್ರ್ಯಾಕ್ಟರಿಗೆ ತಗುಲಿತು.

“ಇಷ್ಟ ಸಾವಕಾಶ ನಾ ಹೊಡದಿದ್ದಿಲ್ರಿ ಅಕ್ಕಾರೆ,” ಎಂದ ಮಾಣಿಕಪ್ಪ. “ಆಮ್ಯಾಲೆ ಕಮ್ಮಿ ಬಿತ್ತು ಅಂತಾರ.”

ಎರಡನೆಯ ಸಲ ಸರಿಯಾಗಿ ಬಿತ್ತು. ಟ್ರ್ಯಾಕ್ಟರಿನ ಹಿಂದಿನ ದೀಪ ಉದುರಿತು. ರಾಜೇಶ್ರೀ ಇಳಿದು, “ತಪ್ಪು ನಂದೇ ರಿ,” ಎಂದು ಇಡೀ ಸಂತೆಗೆ ಕೇಳುವಂತೆ ಹೇಳಿ ಹಣ್ಣು ಕೊಟ್ಟಳು. ಮಾಣಿಕಪ್ಪ ಒಂದನ್ನು ಸುಲಿದು, ಸಿಪ್ಪೆಯನ್ನು ಫೋಟೋಕ್ಕೆ ಹಿಡಿದು, ಸಮಾಧಾನದಿಂದ ಅಗಿದ. ಅವತ್ತಿನಿಂದ ಈಚೆಗೆ ಮೊದಲ ಸಲ ನೆಟ್ಟಗೆ ಹಸಿವಾಗುತ್ತಿದೆ ಎಂದ.

ಗುರುಲಿಂಗ ರಸೀದಿ ಹರಿದುಕೊಟ್ಟ: ಡಿಕ್ಕಿ ಒಂದು, ಬಡ್ಡಿಯಿಲ್ಲದೆ ಪೂರ್ತಿ ಸಂದಾಯವಾಗಿದೆ.