ನನ್ನ ಚೌಕಗಳಿಗೆ ಗೊತ್ತಿಲ್ಲದ ನೀರು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎನ್ನುತ್ತಾರೆ. ಇರಬಹುದು, ಆದರೆ ಈ ಸಲ ಕಾರಣವಿದೆ. ಮಹದೇವಪುರದ ಗಾಜಿನ ಕಟ್ಟಡವೊಂದರಲ್ಲಿ ಕುಳಿತು, ಮಳೆ ಬಂದರೆ ಹೊಳೆಯಲ್ಲಿ ಎಷ್ಟು ನೀರು ಹರಿದೀತೆಂದು ಅಂದಾಜು ಮಾಡುವುದು ನನ್ನ ಕಸುಬು. ಇದಕ್ಕೆ ಹೊಳೆಯನ್ನು ನೋಡಬೇಕೆಂದೇನೂ ಇಲ್ಲ. ಸುತ್ತಲಿನ ನೆಲವನ್ನೆಲ್ಲ ಕಂಪ್ಯೂಟರಿನಲ್ಲಿ ಪುಟ್ಟ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ಅದರ ಮಣ್ಣು, ಇಳಿಜಾರು, ಮಳೆ ಇಷ್ಟನ್ನು ಹೇಳಿಕೊಟ್ಟರೆ ಸಾಕು; ಮೇಲಿನ ಚೌಕ ಹೆಚ್ಚಾದ ನೀರನ್ನು ಕೆಳಗಿನದಕ್ಕೆ ದಾಟಿಸುತ್ತಾ ಹೋಗುತ್ತದೆ, ಕೊನೆಯದರಲ್ಲಿ ಹೊಳೆ ಸಿಗುತ್ತದೆ. ಹತ್ತು ವರ್ಷದಿಂದ ಇದೇ ನನ್ನ ಅನ್ನ.

ನಮ್ಮ ಮನೆಗೆಲಸದ ಶರಣಮ್ಮ ರಾಯಚೂರು ಕಡೆಯವಳು. ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿನಾಚೆ ತಗಡಿನ ಶೆಡ್ಡಿನಲ್ಲಿ ಸಂಸಾರ. ಮೋಡ ಕಟ್ಟಿದ ಒಂದು ಬೆಳಿಗ್ಗೆ ಪಾತ್ರೆ ತಿಕ್ಕುತ್ತಾ ಕೇಳಿದಳು: "ಸರ್ರಾ, ನೀವು ನೀರಿನ ಲೆಕ್ಕ ಮಾಡ್ತೀರಂತಲ್ರಿ. ನಮ್ಮ ಶೆಡ್ಡಿಗೆ ನೀರು ಬರ್ತೈತೇನ್ರಿ? ಮುಂದಿನ ವಾರ ಮಗಳನ್ನ ಕಾಲೇಜಿಗೆ ಹಚ್ಚಬೇಕು. ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲಾ ನೆಲದ ಮ್ಯಾಲಿನ ಟ್ರಂಕಿನ್ಯಾಗ ಅದಾವ್ರಿ."

ನಾನು ಉಬ್ಬಿಹೋದೆ. ನನ್ನ ಕೆಲಸದ ಬಗ್ಗೆ ಈ ಮನೆಯಲ್ಲಿ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಲ್ಯಾಪ್‌ಟಾಪ್ ತೆರೆದು ಅವಳ ಚೌಕವನ್ನು ಹುಡುಕಿ ತೋರಿಸಿದೆ. ಅಲ್ಲಿ ನೀರು ನಿಲ್ಲುವ ಮಾತೇ ಇರಲಿಲ್ಲ.

"ರೀ, ಟ್ರಂಕು ನಮ್ಮನೇಲೇ ಇಟ್ಕೊಳ್ಳೋಣ" ಎಂದಳು ನನ್ನ ಹೆಂಡತಿ.

"ಏನೂ ಬೇಡ, ಅಲ್ಲೇ ಇರ್ಲಿ" ಎಂದೆ, ಅವಳ ಅಜ್ಞಾನಕ್ಕೆ ಮರುಗುತ್ತಾ.

ಅಂದು ಮಧ್ಯಾಹ್ನ ಎರಡು ಗಂಟೆ ಕಾಲ ಮಳೆ ಸುರಿಯಿತು. ಸಂಜೆ ಶರಣಮ್ಮ ಬಂದು, ಒದ್ದೆ ಮುದ್ದೆಯಾದ ಕಾಗದಗಳನ್ನು ನಮ್ಮ ಫ್ಯಾನಿನ ಕೆಳಗೆ ಬಿಡಿಸಿ ಹರಡತೊಡಗಿದಳು. ಮಗಳ ಹೆಸರೇ ಅಳಿಸಿಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು. ಮಳೆಯ ಅಂಕಿ ಕೊಟ್ಟವನನ್ನು, ಅಗ್ಗದ ನಕ್ಷೆ ಕೊಂಡ ನಮ್ಮ ಮ್ಯಾನೇಜರನ್ನು, ಕಡೆಗೆ ಮಣ್ಣನ್ನೂ ಬೈದೆ.

"ಮಳಿ ನೀರು ಮುಂದಕ ಹರದು ಹೋತ್ರಿ" ಎಂದಳು ಶರಣಮ್ಮ. "ಆಮ್ಯಾಲೆ ನಿಮ್ಮ ಗ್ವಾಡಿ ಮ್ಯಾಲಿಂದ ಬಂತು."

ಹೋಗಿ ನೋಡಿದರೆ ನಿಜ. ನಮ್ಮ ಬೇಸ್‌ಮೆಂಟಿಗೆ ನುಗ್ಗಿದ ನೀರನ್ನು ಪಂಪು ಎತ್ತಿ, ತೊಡೆ ಗಾತ್ರದ ಪೈಪಿನಲ್ಲಿ ಗೋಡೆಯಾಚೆ ಶೆಡ್ಡುಗಳ ಮೇಲೆ ಸುರಿಯುತ್ತಿತ್ತು. ನಮ್ಮ ಕಾರುಗಳೆಲ್ಲ ಒದ್ದೆಯಾಗದೆ ನಿಂತಿದ್ದವು. ಸಿಟ್ಟಿನಲ್ಲಿ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಅಸೋಸಿಯೇಷನ್ ಕಾರ್ಯದರ್ಶಿಯ ಬಾಗಿಲು ಬಡಿದೆ.

"ಮನುಷ್ಯರೇನ್ರೀ ನೀವು? ಪೈಪು ಆ ಕಡೆ ಬಿಡಿ ಅಂದೋರು ಯಾರ್ರೀ?"

ಅವರು ಕನ್ನಡಕ ಹಾಕಿಕೊಂಡು, ಹೋದ ವರ್ಷದ ಸಭೆಯ ನಡವಳಿ ಪುಸ್ತಕ ತೆಗೆದು ಸಾವಕಾಶವಾಗಿ ಓದಿದರು: ಗೋಡೆಯಾಚೆ ಇಳಿಜಾರಿದ್ದು ನೀರು ನಿಲ್ಲುವುದಿಲ್ಲವೆಂದು ಜಲತಜ್ಞರಾದ ನಿವಾಸಿಯೊಬ್ಬರು ಲ್ಯಾಪ್‌ಟಾಪಿನಲ್ಲಿ ತೋರಿಸಿದ ಮೇರೆಗೆ ಪೈಪನ್ನು ಆ ಕಡೆಗೆ ಬಿಡಲು ತೀರ್ಮಾನಿಸಲಾಯಿತು.

"ಇಲ್ಲಿ ನಿಮ್ ಸಹಿನೂ ಇದೆ ಸಾರ್" ಎಂದರು.

ಸಿಟ್ಟು ಇನ್ನೂ ಇಳಿದಿಲ್ಲ. ನಾಳೆ ರಜೆ ಹಾಕಿ, ಶರಣಮ್ಮನ ಮಗಳ ಹೊಸ ಮಾರ್ಕ್ಸ್ ಕಾರ್ಡಿಗೆ ಅರ್ಜಿ ಕೊಡಲು ನಾನೇ ಸಾಲಿನಲ್ಲಿ ನಿಲ್ಲಬೇಕು. ಕಾರಣದ ಜಾಗದಲ್ಲಿ 'ನೀರಿನಲ್ಲಿ ನೆನೆದು ಹಾಳಾಗಿದೆ' ಎಂದಷ್ಟೇ ಬರೆದಿದ್ದೇನೆ. ಯಾರ ನೀರು ಎಂದು ಆ ಅರ್ಜಿಯಲ್ಲಿ ಕೇಳಿಲ್ಲ.